ಎಸೆದಿದ್ದಲ್ಲ, ಬಡಿಸಿದ್ದು

ನಮ್ಮ ನಗರಸಭೆಯ ಕಂಪ್ಯೂಟರಿನ ಪ್ರಕಾರ ಈ ಊರಿನ ಮನುಷ್ಯರು ಒಂಬತ್ತು ಬಗೆಯ ತಪ್ಪು ಮಾಡಬಲ್ಲರು. ರಸ್ತೆಗೆ ಕಸ ಎಸೆಯಬಹುದು, ಕಸಕ್ಕೆ ಬೆಂಕಿ ಹಾಕಬಹುದು, ಕಂಡಲ್ಲಿ ಉಗುಳಬಹುದು, ಚರಂಡಿಗೆ ಕಲ್ಲುಮಣ್ಣು ತುಂಬಬಹುದು, ಬೀದಿಗೆ ದನ ಬಿಡಬಹುದು, ಹೀಗೆ. ದಂಡ ಹಾಕಿದ ಮೇಲೆ ಪಟ್ಟಿಯಲ್ಲಿ ಒಂದನ್ನು ಒತ್ತಿದರೆ ಮಾತ್ರ ರಸೀದಿ ಹೊರಬರುತ್ತದೆ. ಕೊನೆಯಲ್ಲಿ ‘ಇತರೆ’ ಎಂದು ಒಂದಿದೆ. ಅದನ್ನು ಒತ್ತಿದರೆ ‘ಪೌರಾಯುಕ್ತರ ಅನುಮತಿ ಬೇಕು’ ಎಂದು ಕೆಂಪಕ್ಷರ ಬರುತ್ತದೆ, ಹಾಗಾಗಿ ಯಾರೂ ಆ ಕಡೆ ತಲೆಹಾಕುವುದಿಲ್ಲ. ಅದನ್ನು ಮೊದಲು ಒತ್ತಿದವಳು ನಾನು. ಒತ್ತಿಸಿದವರು ನನ್ನ ಅತ್ತೆ ಯಮುನಮ್ಮ.

ನನ್ನ ಹೆಸರು ಸ್ವಪ್ನಾ. ಸಾಗರದಲ್ಲಿ ಕಿರಿಯ ಆರೋಗ್ಯ ನಿರೀಕ್ಷಕಿ. ಹುದ್ದೆಯ ಹೆಸರು ಕೇಳಿ ಕೆಲವರು ಮೊಣಕಾಲು ನೋವಿಗೆ ಮಾತ್ರೆ ಕೇಳುತ್ತಾರೆ. ನನ್ನ ಕೆಲಸ ಕಸದ್ದು. ಯಾರ ಮನೆಯ ಕಸ ಯಾರ ಮನೆಯ ಮುಂದೆ ಬಿತ್ತು, ಯಾರ ಹಲಸಿನಹಣ್ಣು ಯಾರ ಹೆಂಚು ಒಡೆಯಿತು, ಯಾರ ಬಚ್ಚಲ ನೀರು ಯಾರ ಬಾವಿಯ ಕಡೆ ಹರಿಯಿತು ಎಂದು ತೀರ್ಮಾನಿಸಿ ಇಬ್ಬರಿಂದಲೂ ಬೈಸಿಕೊಳ್ಳುವುದಕ್ಕೆ ನನಗೆ ಸಂಬಳ ಬರುತ್ತದೆ. ತವರು ತೀರ್ಥಹಳ್ಳಿ. ಅಪ್ಪನದು ಸೈಕಲ್ ಅಂಗಡಿ. ಗದ್ದೆಯನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿ ಬೆಳೆದವಳು.

ಗಂಡನ ಮನೆಯವರಿಗೆ ಗದ್ದೆ ಇತ್ತು. ಮಾವ ಬೆಳ್ಳಪ್ಪನವರು ಗೇಣಿಗೆ ಮಾಡುತ್ತಿದ್ದ ಎರಡೆಕರೆ, ಉಳುವವನೇ ಒಡೆಯ ಎಂಬ ಕಾನೂನು ಬಂದು ಅವರದೇ ಆಯಿತು. ನಲವತ್ತು ವರ್ಷ ಉತ್ತರು. ಊರು ಬೆಳೆದು ಬೆಳೆದು ಗದ್ದೆಯ ಬದುವಿನ ಮೇಲೆ ಬಂದು ಕೂತಾಗ ಮಾರಿದರು. ಕೊಂಡವರು ಗದ್ದೆಗೆ ಮಣ್ಣು ತುಂಬಿ, ಸೈಟು ಮಾಡಿ, ‘ಹೊನ್ನತೆನೆ ಬಡಾವಣೆ’ ಎಂದು ಕಮಾನು ನಿಲ್ಲಿಸಿದರು. ತೆನೆಯನ್ನು ಹೂತವರಿಗೆ ಹೆಸರಿಡುವಾಗ ಅದು ನೆನಪಾಗಿದ್ದು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಪಾಲಿಗೆ ಮೂಲೆಯಲ್ಲಿ ಒಂದು ಸೈಟು ಉಳಿಯಿತು. ಅದರಲ್ಲೇ ಈಗ ನಮ್ಮ ಮನೆ. ಮಾವ ತೀರಿಕೊಂಡು ಐದು ವರ್ಷ. ಮನೆಯಲ್ಲಿ ನಾನು, ಅತ್ತೆ, ಮತ್ತು ಗೂಡ್ಸ್ ಆಟೋ ಓಡಿಸುವ, ನಿದ್ದೆ ಅಂದರೆ ಪ್ರಾಣ ಬಿಡುವ ನನ್ನ ಗಂಡ ಕುಮಾರ.

ಅತ್ತೆಯ ಲೆಕ್ಕದಲ್ಲಿ ಗದ್ದೆ ಇನ್ನೂ ಅಲ್ಲೇ ಇದೆ. ಕೊರಿಯರ್‌ನವನು ವಿಳಾಸ ಕೇಳಿದರೆ, “ಏಳನೇ ನಂಬ್ರ ನಂಗೊತ್ತಿಲ್ಲ ಮಾರಾಯ. ಎಮ್ಮೆ ಮುಳುಗಿದ ಗದ್ದೆ ಅಂದ್ರೆ ತೋರಿಸ್ತೀನಿ” ಎನ್ನುತ್ತಾರೆ. ಆ ಎಮ್ಮೆ ಮುಳುಗಿದ ಗದ್ದೆಯ ಮೇಲೆ ಈಗ ಮಹಾಗಣಪತಿ ಹೆಗಡೆಯವರ ಎರಡಂತಸ್ತಿನ ಮನೆ ನಿಂತಿದೆ. ಹೆಗಡೆಯವರು ಕಾರ್ಗಲ್ಲಿನ ಶರಾವತಿ ವಿದ್ಯುತ್ ಯೋಜನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಹೆಂಡತಿಯ ಹೆಸರೂ ಶರಾವತಿ. ಹೊರಗೆ ಶರಾವತಿಯನ್ನು ಹಿಡಿದಿಟ್ಟವರು ಮನೆಯಲ್ಲಿ ಶರಾವತಿಯ ಹಿಡಿತದಲ್ಲಿದ್ದಾರೆ ಎಂದು ಬಡಾವಣೆಯವರು ನಗುತ್ತಾರೆ.

ಎಲ್ಲ ಶುರುವಾಗಿದ್ದು ಎರಡು ವರ್ಷದ ಹಿಂದೆ, ಒಂದು ವಿಡಿಯೋದಿಂದ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೆಗಡೆಯವರು ತಮ್ಮ ಗೇಟಿನ ಕ್ಯಾಮೆರಾ ಹಿಡಿದದ್ದನ್ನು ಹಾಕಿದ್ದರು. ಬೆಳಗಿನ ಜಾವದ ಮಂಜು, ಮಂಜಿನೊಳಗೆ ಒಂದು ದೀಪ, ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡ ಒಂದು ಆಕೃತಿ. ಅದು ಬುಟ್ಟಿಯಿಂದ ಏನನ್ನೋ ತೆಗೆದು ಗೇಟಿನ ಮುಂದೆ ಬೀರಿ, ಏನನ್ನೋ ಗೊಣಗಿ, ಮುಂದಿನ ಸೈಟಿಗೆ ಹೋಗುತ್ತದೆ. ಕೆಳಗೆ ಹೆಗಡೆಯವರು ಬರೆದಿದ್ದರು: ‘ಇದು ಮಾಟವೋ ಕಸವೋ ತಿಳಿಯದು. ಎರಡೂ ಖಂಡನೀಯ.’

ಅತ್ತೆ ನನ್ನ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಯಾರೇ ಈ ಮುದ್ಕಿ? ಸೀರೆ ಉಟ್ಟಿದ್ದು ನೋಡು, ಒಂದು ನೆರಿಗೆನೂ ನೆಟ್ಟಗಿಲ್ಲ.” ಇನ್ನೊಂದು ಸಲ ನೋಡಿದರು. “ಅಯ್ಯೋ! ಇದು ನಮ್ಮ ಬುಟ್ಟಿ ಅಲ್ದನೇ!”

ನಮ್ಮದೇ ಬುಟ್ಟಿ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅತ್ತೆ ಎಂಟು ದಿನ ಕೂತು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆ ನಮ್ಮವರಿಗೆ ದೊಡ್ಡ ಹಬ್ಬ. ಪೈರು ಹಾಲುಗಟ್ಟುವ ಹೊತ್ತು ಅದು, ಭೂಮಿ ತುಂಬಿದ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಕು. ನೂರೊಂದು ಕುಡಿ ಬೇಯಿಸಿ ಅನ್ನದ ಜೊತೆ ಚರಗ ಕಲಸಿ, ಕಡುಬು ಮಾಡಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಒಯ್ದು ಬೀರಿ ಬರಬೇಕು. ಮದುವೆಯಾಗಿ ಬಂದ ವರ್ಷ ನಾನೂ ಕೂತು ಸೊಪ್ಪು ಹೆಚ್ಚಿದ್ದೆ. ಅತ್ತೆ ಅದನ್ನು ಯಾವುದೋ ನೆಂಟರ ಗದ್ದೆಗೆ ಒಯ್ಯುತ್ತಾರೆ ಎಂದುಕೊಂಡು ಮಲಗಿಬಿಟ್ಟಿದ್ದೆ. ಒಯ್ಯುತ್ತಿದ್ದದ್ದು ತಮ್ಮ ಗದ್ದೆಗೇ ಎಂದು ವಿಡಿಯೋ ನೋಡಿದ ಮೇಲೆ ಗೊತ್ತಾಯಿತು.

ಮರುದಿನ ಹೆಗಡೆಯವರ ದೂರು ಕಚೇರಿಗೆ ಬಂತು, ಕಚೇರಿಯಿಂದ ನನ್ನ ಮೇಜಿಗೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಪೌರಕಾರ್ಮಿಕೆ ಲಕ್ಷ್ಮಿಯನ್ನು ಕೇಳಿದೆ. “ಕಸ ಎಲ್ಲಿತ್ತು ಮೇಡಂ? ನಾನು ಪೊರಕೆ ತಗೊಂಡು ಹೋಗೋವಷ್ಟರಲ್ಲಿ ಕಾಗೆ, ಗುಬ್ಬಿ ಎಲ್ಲ ತಿಂದು ಬಾಯೊರೆಸ್ಕೊಂಡಿದ್ವು” ಎಂದಳು. ‘ಸ್ಥಳ ಪರಿಶೀಲಿಸಲಾಗಿ ಯಾವುದೇ ತ್ಯಾಜ್ಯ ಕಂಡುಬಂದಿರುವುದಿಲ್ಲ’ ಎಂದು ವರದಿ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಒಂದು ವಾರ ನನಗೆ ಊಟ ಸೇರಲಿಲ್ಲ.

ಹೋದ ವರ್ಷ ಹಬ್ಬಕ್ಕೆ ನಾಲ್ಕು ದಿನವಿರುವಾಗ ಹೆಗಡೆಯವರು ನೇರ ಪೌರಾಯುಕ್ತರ ಹತ್ತಿರವೇ ಹೋದರು. ಪೌರಾಯುಕ್ತರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ನನ್ನನ್ನು ಕರೆಸಿದರು.

“ನೋಡಮ್ಮಾ, ಹುಣ್ಣಿಮೆ ದಿನ ಬೆಳಿಗ್ಗೆ ದಂಡದ ಪುಸ್ತಕ ತಗೊಂಡು ನೀನೇ ಅಲ್ಲಿರು. ಯಾರೇ ಆಗ್ಲಿ, ಸ್ಥಳದಲ್ಲೇ ಐನೂರು ರೂಪಾಯಿ ಹಾಕು. ಹೆಗಡೆಯವರಿಗೂ ಸಮಾಧಾನ ಆಗುತ್ತೆ.” ಮೇಜಿನ ಮೇಲಿದ್ದ ಒಂದು ಕಡತವನ್ನು ಬೆರಳಿನಿಂದ ತಟ್ಟಿದರು. “ನಿನ್ನ ಪ್ರೊಬೇಷನ್ ಫೈಲೂ ಇಲ್ಲೇ ಇದೆ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರಿಗೆ ಎರಡೂ ಒಂದೇ ದಿನ ಬರಬಹುದೆಂದು ಹೊಳೆದಿರಲಿಲ್ಲ. ಅತ್ತೆಗೆ ದಂಡ ಹಾಕಿದರೆ ಮನೆ ಹೋಗುತ್ತದೆ, ಹಾಕದಿದ್ದರೆ ಕೆಲಸ ಹೋಗುತ್ತದೆ. ಕುಮಾರನನ್ನು ಕೇಳಿದೆ. “ನಂಗೆ ಬೆಳಿಗ್ಗೆ ಹೊಸನಗರಕ್ಕೆ ಬಾಡಿಗೆ ಇದೆ ಕಣೇ, ನಂಗೇನೂ ಗೊತ್ತಿಲ್ಲ” ಎಂದು ಕಂಬಳಿ ಎಳೆದುಕೊಂಡ. ಆಗ ಸಾಯಂಕಾಲ ಏಳು ಗಂಟೆ.

ಹಬ್ಬದ ಹಿಂದಿನ ದಿನ ಸೊಪ್ಪಿನ ರಾಶಿಯ ಮುಂದೆ ಅತ್ತೆಯ ಎದುರು ಕೂತೆ. ಹರಿವೆ, ಕುಂಬಳದ ಕುಡಿ, ಹೀರೆ ಕುಡಿ, ಕೆಸು, ಅಮಟೆಕಾಯಿ, ಬೇಲಿಯಿಂದ ಕಿತ್ತು ತಂದ ಹೆಸರಿಲ್ಲದ ಬಳ್ಳಿಗಳು. ಅತ್ತೆ ನಲವತ್ತರವರೆಗೆ ಎಣಿಸಿ, “ಉಳಿದಿದ್ದು ಅವ್ಳೇ ಲೆಕ್ಕ ಹಾಕ್ಕೊತಾಳೆ ಬಿಡು” ಎಂದರು. ನಾನು ಮಾತು ತೆಗೆದೆ.

“ಅತ್ತೆ, ನಾಳೆ ಬೆಳಿಗ್ಗೆ ನಾನೂ ಅಲ್ಲಿರ್ತೀನಿ.”

“ಒಳ್ಳೇದಾತು. ಬುಟ್ಟಿ ಹಿಡಿಯೋಕೆ ಒಬ್ರು ಬೇಕಿತ್ತು.”

“ಬುಟ್ಟಿ ಹಿಡಿಯೋಕಲ್ಲ. ನಿಮ್ಮನ್ನ ಹಿಡಿಯೋಕೆ.”

“ಹಿಡಿ. ಆ ಚರಂಡಿ ದಾಟೋವಾಗ ನಂಗೆ ಕಾಲು ನಡುಗುತ್ತೆ.”

ನಾನು ಚಾಕು ಕೆಳಗಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ದೂರು, ಪೌರಾಯುಕ್ತರು, ಐನೂರು ರೂಪಾಯಿ, ನನ್ನ ಕಡತ. ಮಹಡಿಯ ಮೇಲೆ ನಾಲ್ಕು ಹೂವಿನ ಕುಂಡ ಇವೆಯಲ್ಲ, ಈ ಸಲಕ್ಕೆ ಅದರಲ್ಲೇ ಬಡಿಸಿಬಿಡಿ ಎಂದೆ.

“ಕುಂಡದಾಗೆ ಇರೋದು ಮಣ್ಣೇನೇ? ತೆಂಗಿನ ನಾರು. ನರ್ಸರಿಯಿಂದ ಚೀಲದಾಗೆ ತಂದಿದ್ದು. ನಂಗೂ ಅದಕ್ಕೂ ಎಂತ ಸಂಬಂಧ?” ಸೊಪ್ಪು ಹೆಚ್ಚುತ್ತಲೇ ಇದ್ದರು. ಹಿಡಿದಿದ್ದ ಕಟ್ಟು ಮುಗಿಸಿ ತಲೆಯೆತ್ತಿದರು. “ನಿನ್ನ ಕೆಲಸ ನೀನು ಮಾಡು. ನನ್ನ ಕೆಲಸ ನಾನು ಮಾಡ್ತೀನಿ. ಯಾರೂ ಯಾರ ಮೇಲೂ ಸಿಟ್ಟಾಗೋದು ಬ್ಯಾಡ.”

ಬೆಳಗಿನ ಜಾವ ನಾನು ಹೆಗಡೆಯವರ ಗೇಟಿನ ಹತ್ತಿರ ನಿಂತಿದ್ದೆ. ಅವರು ಸ್ವೆಟರು, ಮಂಕಿ ಟೋಪಿ, ಕೈಯಲ್ಲಿ ಟಾರ್ಚು, ಕೊರಳಲ್ಲಿ ಸೀಟಿ. ಡ್ಯಾಮಿನ ಬಾಗಿಲು ತೆರೆಯುವ ದಿನವೂ ಇಷ್ಟು ಸಡಗರದಲ್ಲಿ ಇದ್ದರೋ ಇಲ್ಲವೋ. “ಮೇಡಂ, ಕಳ್ಳರು ಕತ್ತಲಲ್ಲಿ ಬರ್ತಾರೆ. ನಾವು ಉಸಿರು ಬಿಗಿಹಿಡಿದಿರಬೇಕು” ಎಂದು ಪಿಸುಗುಟ್ಟಿದರು.

ಅತ್ತೆ ಕಳ್ಳಿಯ ಹಾಗೆ ಬರಲಿಲ್ಲ, ಬೀಗತಿಯ ಹಾಗೆ ಬಂದರು. ದೀಪ ಹಿಡಿದು, ಹಬ್ಬದ ಸೀರೆ ಉಟ್ಟು. ಕ್ಯಾಮೆರಾ ಇದೆ ಎಂದು ಗೊತ್ತಲ್ಲ, ಈ ಸಲ ನೆರಿಗೆ ಒಂದೊಂದೂ ನೆಟ್ಟಗಿದ್ದವು. ರಸ್ತೆಯ ನಡುವೆ ದೀಪ ಇಟ್ಟು, ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಬೀರಿದರು. ಹೆಗಡೆಯವರು ಸೀಟಿ ಊದಿದರು. ನಾಲ್ಕು ಮನೆಯ ನಾಯಿ ಬೊಗಳಿದವು.

“ಯಾರದು!”

“ನಾನು ಯಮುನ. ಈ ಗದ್ದೆಯೋಳು.” ಅತ್ತೆ ದೀಪ ಎತ್ತಿ ನೋಡಿದರು. “ಓ, ಹೆಗ್ಡೇರು! ಎಚ್ಚರ ಇದೀರಾ? ಸ್ವಪ್ನಾ, ನೀನೂ ಇದೀಯ? ಹಿಡಿ ಇದನ್ನ, ಸೊಂಟ ಬಿದ್ದೋಗಿದೆ.” ಬುಟ್ಟಿಯನ್ನು ನನ್ನ ಕೈಗಿಟ್ಟರು.

ಹೀಗೆ ನಾನು ಒಂದು ಕೈಯಲ್ಲಿ ಅಪರಾಧದ ಬುಟ್ಟಿ, ಇನ್ನೊಂದು ಕೈಯಲ್ಲಿ ದಂಡದ ಪುಸ್ತಕ ಹಿಡಿದು ನಿಂತೆ. ಹೆಗಡೆಯವರ ಟಾರ್ಚಿನ ಬೆಳಕು ನನ್ನ ಮುಖದಿಂದ ಅತ್ತೆಯ ಮುಖಕ್ಕೆ, ಅಲ್ಲಿಂದ ನನ್ನ ಮುಖಕ್ಕೆ ಓಡಾಡಿತು.

“ಇವರು ನಿಮಗೆ ಗೊತ್ತಾ ಮೇಡಂ?”

“ನಮ್ಮತ್ತೆ ಸರ್.”

ಅವರು ಒಳಕ್ಕೆ ತಿರುಗಿ, “ಏ ಶರಾವತಿ, ಇಲ್ಲಿ ಬಾರೆ, ಎಂತ ಇದ್ದು ನೋಡು!” ಎಂದು ಕೂಗಿದರು.

ಅತ್ತೆ ನಾಲ್ಕೂ ಗದ್ದೆಗೆ, ಅಂದರೆ ಹನ್ನೆರಡು ಸೈಟಿಗೆ, ಬೀರಿ ಮುಗಿಸುವವರೆಗೆ ನಾನು ಬುಟ್ಟಿ ಹಿಡಿದು ಹಿಂದೆ ಹಿಂದೆ ಹೋದೆ. ಹೆಗಡೆಯವರು ಸಾಕ್ಷಿಯಾಗಿ ನನ್ನ ಹಿಂದೆ ಬಂದರು. ಮುಗಿದ ಮೇಲೆ ಪುಸ್ತಕ ತೆರೆದೆ. ಹೆಸರು: ಯಮುನಮ್ಮ. ವಿಳಾಸ: ನಮ್ಮ ಮನೆಯದೇ. ದಂಡ: ಐನೂರು. ತಪ್ಪಿನ ವಿವರ ಎನ್ನುವಲ್ಲಿ ಬಂದು ಪೆನ್ನು ನಿಂತಿತು.

“ಎಂತ ಬರೀತೀಯ?” ಎಂದರು ಅತ್ತೆ.

“ಸಾರ್ವಜನಿಕ ಜಾಗದಲ್ಲಿ ಆಹಾರ ಪದಾರ್ಥ ಎಸೆದಿದ್ದು.”

ಅತ್ತೆಯ ಮುಖ ಕಪ್ಪಿಟ್ಟಿತು. ದಂಡ ಎಂದಾಗಲೂ, ಸೀಟಿ ಊದಿದಾಗಲೂ ಆಗದ ಸಿಟ್ಟು ಆಗ ಬಂತು.

“ಎಸೆದಿದ್ದಾ? ನಾನು ಎಸೆದ್ನಾ? ಹೇಳದೆ ಕೇಳದೆ ಇನ್ನೊಬ್ರ ಮನೆ ಬಾಗಿಲಿಗೆ ಬಂದಿದ್ದು ತಪ್ಪು, ಒಪ್ತೀನಿ. ದಂಡ ಹಾಕು, ಕಟ್ತೀನಿ. ಆದ್ರೆ ಅನ್ನ ಎಸೆಯೋ ಜಾತಿ ಅಲ್ಲ ನಮ್ದು. ನೀನೇ ನಿನ್ನೆ ಸಂಜೆ ಕೂತು ಸೊಪ್ಪು ಹೆಚ್ಚಿದೀಯ. ಎಸೆಯೋಕೆ ಹೆಚ್ಚಿದ್ಯಾ? ಬಡಿಸಿದ್ದು ಅಂತ ಬರಿ.”

ನಾನು ಹೆಗಡೆಯವರ ಮುಖ ನೋಡಿದೆ. ಅವರು ಆಕಾಶ ನೋಡಿದರು. ನಾನು ಬರೆದೆ: ‘ಭೂಮಿಗೆ ಬಡಿಸಿದ್ದು.’

ಕಚೇರಿಯ ಕಂಪ್ಯೂಟರಿನಲ್ಲಿ ಬಡಿಸುವ ತಪ್ಪು ಇರಲಿಲ್ಲ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹುಡುಕಿದೆ. ಕೊನೆಗೆ ‘ಇತರೆ’ ಒತ್ತಿದೆ. ಕೆಂಪಕ್ಷರ ಬಂತು. ಸೋಮವಾರ ಹನ್ನೊಂದಕ್ಕೆ ಎಲ್ಲರೂ ಪೌರಾಯುಕ್ತರ ಕೊಠಡಿಯಲ್ಲಿ ಸೇರಿದೆವು.

“ಇದೇನಮ್ಮಾ ಇದು?” ಪೌರಾಯುಕ್ತರು ದಂಡದ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿದರು. “ಎಸೆದಿದ್ದು ಅಂತ ತಿದ್ದಿಬಿಡು. ಅವರು ದುಡ್ಡು ಕಟ್ತಾರೆ, ನಾನು ಸಹಿ ಹಾಕ್ತೀನಿ, ಮುಗೀತು.”

ಬಹಳ ಸುಲಭವಿತ್ತು. ಒಂದು ಗೆರೆ ಎಳೆದು ಮೇಲೊಂದು ಶಬ್ದ ಬರೆದರಾಯಿತು. ನನ್ನ ಕಡತ ಅದೇ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಒಂದು ಮೂಲೆ ಎತ್ತಿ ಇಳಿಸುತ್ತಿತ್ತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ನನಗೆ ಕಷ್ಟವಾಗುತ್ತದೆ ಎಂದೇ ನೋಡಲಿಲ್ಲ, ಅದು ನನಗೆ ಗೊತ್ತು.

“ತಿದ್ದೋಕಾಗಲ್ಲ ಸರ್” ಎಂದೆ. “ಕಸ ಅಂದ್ರೆ ಬೇಡ ಅಂತ ಬಿಟ್ಟಿದ್ದು. ಇವರು ಬೇಡ ಅಂತ ಬಿಡ್ಲಿಲ್ಲ. ಎಂಟು ದಿನ ಬುಟ್ಟಿ ಬರೆದು, ಒಂದು ದಿನ ಅಡಿಗೆ ಮಾಡಿ, ಸ್ನಾನ ಮಾಡಿ ಉಪವಾಸದಲ್ಲಿ ತಂದು ಹಾಕಿದ್ರು. ನಾನು ಕಣ್ಣಾರೆ ನೋಡಿದ್ದೀನಿ, ನೋಡಿದ್ದನ್ನೇ ಬರೆದಿದ್ದೀನಿ.”

ಪೌರಾಯುಕ್ತರು ಹೆಗಡೆಯವರ ಕಡೆ ತಿರುಗಿದರು. ಹೆಗಡೆಯವರು ಇಂಜಿನಿಯರು, ಸುಮ್ಮನೆ ಬಿಡುವವರಲ್ಲ.

“ನನಗೂ ಆ ಹಬ್ಬ ಗೊತ್ತು. ಬಸುರಿ ಭೂಮಿಗೆ ಬಯಕೆ ಊಟ. ಸರಿ. ಆದರೆ ಗದ್ದೆ ಎಲ್ಲಿದೆ? ಪೈರು ಎಲ್ಲಿದೆ? ಒಂದಡಿ ಮಣ್ಣು ತುಂಬಿ, ಮೇಲೆ ಜಲ್ಲಿ ಹಾಕಿ, ಕಾಂಕ್ರೀಟ್ ಹಾಕಿದೆ. ಅಲ್ಲಿ ಒಂದು ಹುಲ್ಲೂ ಹುಟ್ಟೋದಿಲ್ಲ. ಬಸುರಿನೇ ಇಲ್ಲ ಅಂದ ಮೇಲೆ ಊಟ ಯಾರಿಗೆ?”

ಅತ್ತೆ ಸೆರಗು ಸರಿಮಾಡಿಕೊಂಡರು. ಜಗಳದ ಧ್ವನಿಯೇ ಇರಲಿಲ್ಲ.

“ಹೆಗ್ಡೇರೆ, ಅವ್ಳು ಇನ್ನು ಹೆರೋದಿಲ್ಲ, ನಂಗೂ ಗೊತ್ತು. ನಾವೇ ಮಾರಿದ್ದು, ನಾವೇ ದುಡ್ಡು ಎಣಿಸಿಕೊಂಡಿದ್ದು. ನಲವತ್ತು ವರ್ಷ ನಮಗೆ ಅನ್ನ ಕೊಟ್ಳು. ಈಗ ಹೆರೋದು ನಿಂತಿತು. ಹೆರೋದು ನಿಂತ ಮುದುಕಿಗೆ ಹಸಿವು ನಿಲ್ಲುತ್ತೇನು? ಬಸುರಿಗೆ ಮಾತ್ರ ಊಟ, ಮುದುಕಿಗೆ ಬ್ಯಾಡ ಅಂತ ಯಾವ ಕಾಯ್ದೆ? ಅವ್ಳ ಬಾಯಿಗೆಲ್ಲ ಸಿಮೆಂಟು ಮೆತ್ತಿದೀರಿ. ಮೇಲೆ ಮೇಲೆ ಬೀರಿ ಬರ್ತೀನಿ. ಒಳಗೆ ಹೋಗುತ್ತೋ ಇಲ್ವೋ, ದೇವ್ರಿಗೇ ಗೊತ್ತು” ಎಂದರು.

ಹೆಗಡೆಯವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ನಮ್ಮನೆ ಇದ್ದದ್ದು ಹೊಳೆಬಾಗಿಲಿನ ಆಚೆ” ಎಂದರು ಯಾರಿಗೆಂದಿಲ್ಲದೆ. “ಡ್ಯಾಮಿನ ನೀರಲ್ಲಿ ಮುಳುಗಡೆ ಆಯ್ತು. ಆಗ ನಾನು ಮೂರನೇ ಕ್ಲಾಸು. ಆಮೇಲೆ ನಾನು ಅದೇ ನೀರಿನ ಇಂಜಿನಿಯರಾದೆ, ಅದು ಬೇರೆ ಕತೆ. ಸಿಗಂದೂರಿಗೆ ಹೋಗುವಾಗೆಲ್ಲ ಅಮ್ಮ ಹಿನ್ನೀರು ದಾಟೋ ಲಾಂಚು ನಡುದಾರಿಗೆ ಬಂದಾಗ ಎದ್ದು ನಿಲ್ತಿದ್ದಳು. ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ನೀರಿಗೆ ಬಿಡ್ತಿದ್ದಳು. ನಮ್ಮನೆ ಮೆಟ್ಟಿಲು ಇಲ್ಲೇ ಕೆಳಗಿದ್ದು ಅಂತ. ನೀರಿಗೆ ಕಸ ಹಾಕ್ಬೇಡಿ ಅಂತ ಪಕ್ಕದವರು ಒಂದು ಸಲ ಗದರಿದರು. ನಾನು ಏನು ಮಾಡ್ದೆ ಗೊತ್ತಾ? ಜನ ನೋಡ್ತಾರೆ, ಸುಮ್ನೆ ಕೂತ್ಕೊ ಅಂತ ಅಮ್ಮನನ್ನೇ ಗದರಿದೆ.”

ಅತ್ತೆ ಕೇಳಿದರು: “ಈಗ ಯಾರು ಹಾಕ್ತಾರೆ?”

“ಈಗ ಸೇತುವೆ ಆಯ್ತಲ್ಲ. ನಡುವೆ ಕಾರು ನಿಲ್ಲಿಸಿದರೆ ಹಿಂದಿನವರು ಹಾರ್ನ್ ಹೊಡೀತಾರೆ.” ಹೆಗಡೆಯವರು ಕನ್ನಡಕ ಜೇಬಿಗಿಟ್ಟುಕೊಂಡು ಪೌರಾಯುಕ್ತರಿಗೆ, “ಬಡಿಸಿದ್ದು ಅಂತಲೇ ಇರಲಿ ಸರ್. ಸಾಕ್ಷಿ ನಾನು” ಎಂದರು.

ಪೌರಾಯುಕ್ತರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ‘ಇತರೆ’ಗೆ ಅನುಮತಿ ಕೊಟ್ಟರು. ದೂರುದಾರರೇ ಒಪ್ಪಿದ ಮೇಲೆ ದಂಡವೇಕೆ, ಬಿಟ್ಟುಬಿಡೋಣ ಎಂದೂ ಹೇಳಿದರು. ಅತ್ತೆ ಕೇಳಲಿಲ್ಲ. ಐನೂರರ ನೋಟು ಮೇಜಿನ ಮೇಲಿಟ್ಟು ರಸೀದಿ ಕೊಡಿ ಎಂದು ಕೂತುಬಿಟ್ಟರು. ‘ಭೂಮಿಗೆ ಬಡಿಸಿದ್ದು’ ಎಂದು ಸರ್ಕಾರದ ಮೊಹರಿನೊಂದಿಗೆ ಬರೆದುಕೊಟ್ಟ ಆ ಕಾಗದ ಈಗ ನಮ್ಮ ದೇವರ ಗೂಡಿನಲ್ಲಿ, ಮಾವನ ಫೋಟೋದ ಪಕ್ಕದಲ್ಲಿದೆ. ನನ್ನ ಪ್ರೊಬೇಷನ್ ಕಡತವೂ ಮುಂದಿನ ತಿಂಗಳು ಸಹಿಯಾಗಿ ಬಂತು. ‘ಕರ್ತವ್ಯದಲ್ಲಿ ಸಂಬಂಧಿಕರನ್ನೂ ನೋಡುವುದಿಲ್ಲ’ ಎಂದು ಅದರಲ್ಲಿ ಬರೆದಿದ್ದರು. ಓದಿ ಹೇಳಿದಾಗ ಅತ್ತೆ ಬಿದ್ದು ಬಿದ್ದು ನಕ್ಕರು.

ಇದಿಷ್ಟು ಹೋದ ವರ್ಷದ್ದು. ಈ ವರ್ಷ ಹಬ್ಬಕ್ಕೆ ಮೊದಲು ಅತ್ತೆ ಹನ್ನೆರಡೂ ಮನೆಗೆ ಹೋಗಿ, “ನಾಳೆ ಬೆಳಿಗ್ಗೆ ಬರ್ತೀನಿ, ಗಾಬರಿ ಆಗ್ಬೇಡಿ” ಎಂದು ಹೇಳಿ ಬಂದರು. ಹತ್ತು ಮನೆಯವರು ಆಗಲಿ ಎಂದರು. ಒಬ್ಬರು ತಮ್ಮ ಕಾರಿನ ಮೇಲೆ ಬೀಳದಿದ್ದರೆ ಸಾಕು ಎಂದರು. ಹೆಗಡೆಯವರು ಬರೀ ಹ್ಞೂಂ ಎಂದು ಒಳಗೆ ಹೋದರಂತೆ. ಅತ್ತೆಗೆ ಅದೊಂದು ಕೊರೆಯುತ್ತಿತ್ತು.

ಬೆಳಗಿನ ಜಾವ ನಾವು ಮೂವರೂ ಹೊರಟೆವು. ಮೂರು ಸಲ ತಲೆಗೆ ನೀರು ಚಿಮುಕಿಸಿ ಎಬ್ಬಿಸಿದ್ದರಿಂದ ಕುಮಾರನೂ ದೀಪ ಹಿಡಿದು ಬಂದ. ಹೆಗಡೆಯವರ ಮನೆಯ ಮುಂದೆ ದೀಪಗಳೆಲ್ಲ ಉರಿಯುತ್ತಿದ್ದವು. ಹೆಗಡೆಯವರು ಮಂಕಿ ಟೋಪಿಯಲ್ಲಿ ಗೇಟಿನ ಹೊರಗೆ ನಿಂತಿದ್ದರು. ಕೊರಳಲ್ಲಿ ಸೀಟಿ ಇರಲಿಲ್ಲ. ಕೈಯಲ್ಲಿ ಹಾರೆ ಇತ್ತು.

ನಾನು ಅತ್ತೆಯ ಮುಂದೆ ಬಂದು ನಿಂತೆ.

“ಬನ್ನಿ ಯಮುನಮ್ಮ” ಎಂದು ಅವರು ಪಕ್ಕಕ್ಕೆ ಸರಿದರು.

ಗೇಟಿನ ಮುಂದಿನ ಫುಟ್‌ಪಾತಿಗೆ ನಗರಸಭೆ ಹೋದ ತಿಂಗಳಷ್ಟೇ ಇಂಟರ್‌ಲಾಕ್ ಇಟ್ಟಿಗೆ ಹಾಸಿತ್ತು. ಅದರಲ್ಲಿ ಎಂಟು ಇಟ್ಟಿಗೆಯನ್ನು ಎಬ್ಬಿಸಿ ಅಚ್ಚುಕಟ್ಟಾಗಿ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಅಳತೆ ಹಿಡಿದು ತೋಡಿದ ಚೌಕ, ಮೊಣಕಾಲುದ್ದ ಆಳ. ಜಲ್ಲಿ ತೆಗೆದು, ತುಂಬಿದ ಕೆಂಪು ಮಣ್ಣು ತೆಗೆದು, ತಳದಲ್ಲಿ ಒಂದು ಗೇಣು ಕಪ್ಪು ಮಣ್ಣು ಕಾಣುತ್ತಿತ್ತು. ಅಂಚಿನಿಂದ ನೀರು ಒಸರುತ್ತಿತ್ತು. ಎಪ್ಪತ್ತೆರಡು ವರ್ಷದ ಮನುಷ್ಯ, ರಾತ್ರಿಯಿಡೀ ಒಬ್ಬರೇ ತೋಡಿದ್ದರು.

ಅತ್ತೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಕೈ ಇಳಿಬಿಟ್ಟರು. ಕಪ್ಪು ಮಣ್ಣನ್ನು ಬೆರಳ ನಡುವೆ ಹಿಸುಕಿದರು, ಮೂಸಿದರು.

“ಇದೇ. ಎಮ್ಮೆ ಮುಳುಗಿದ ಗದ್ದೆ” ಎಂದರು. “ಇದಾಳೆ.”

ಕಣ್ಣೀರು ಒರೆಸಿಕೊಂಡಾಗ ಕೆನ್ನೆಗೆಲ್ಲ ಮಣ್ಣಾಯಿತು. ಆಮೇಲೆ ಚರಗವನ್ನು ಬೀರಲಿಲ್ಲ. ಹಿಡಿ ಹಿಡಿಯಾಗಿ, ಮಕ್ಕಳಿಗೆ ತುತ್ತು ಇಡುವ ಹಾಗೆ, ಆ ಗುಂಡಿಯೊಳಗೆ ಇಟ್ಟರು. ಮೇಲೊಂದು ಕಡುಬು ಇಟ್ಟು ಮಣ್ಣು ಮುಚ್ಚಿದರು. ಹೆಗಡೆಯವರೂ ಪಂಚೆ ಮಡಚಿ ಕೂತು, ಜೇಬಿನಿಂದ ಒಂದು ಹಿಡಿ ಅಕ್ಕಿ ತೆಗೆದು ಹಾಕಿದರು.

ಎಲ್ಲ ಮುಗಿದ ಮೇಲೆ ನನ್ನೊಳಗಿನ ನಿರೀಕ್ಷಕಿ ಎದ್ದಳು.

“ಸರ್, ಫುಟ್‌ಪಾತು ನಗರಸಭೆ ಆಸ್ತಿ. ಹೀಗೆ ಕೀಳೋ ಹಾಗಿಲ್ಲ. ಸಾವಿರ ರೂಪಾಯಿ ದಂಡ ಇದೆ.”

“ಗೊತ್ತು. ಪುಸ್ತಕ ತಂದಿದೀಯೇನು ತಂಗಿ?”

ತಂದಿದ್ದೆ. ಚೀಲದಿಂದ ತೆಗೆದೆ. ಕುಮಾರ ದೀಪ ಹತ್ತಿರ ಹಿಡಿದ. ಹೆಸರು ಬರೆದೆ, ವಿಳಾಸ ಬರೆದೆ, ತಪ್ಪಿನ ವಿವರಕ್ಕೆ ಬಂದು, “ಅಗೆದಿದ್ದು ಅಂತ ಬರೀಲಾ ಸರ್?” ಎಂದೆ.

ಹೆಗಡೆಯವರು ಹಾರೆ ಕೆಳಗಿಟ್ಟು ನೆಟ್ಟಗೆ ನಿಂತರು.

“ಅಗೆದಿದ್ದಲ್ಲ. ಬಾಯಿ ಬಿಡಿಸಿದ್ದು ಅಂತ ಬರಿ.”

ಅತ್ತೆ ನನ್ನ ಮುಖ ನೋಡಿದರು. ನಾನು ಹಾಗೆಯೇ ಬರೆದೆ. ಹೋದ ವರ್ಷ ಬಡಿಸಿದ್ದು, ಈ ವರ್ಷ ಬಿಡಿಸಿದ್ದು. ಅಕ್ಷರ ತಪ್ಪಿರಬೇಕೆಂದು ಕಚೇರಿಯಲ್ಲಿ ಯಾರಾದರೂ ತಿದ್ದಲು ಬರುತ್ತಾರೆ. ಸೋಮವಾರ ಬೇಗ ಹೋಗಿ ನಾನೇ ‘ಇತರೆ’ ಒತ್ತಬೇಕು.